ಅರಿಶಿನದ ಕೆನ್ನೆ, ಸುಣ್ಣದ ಕೈ

ನಮ್ಮ ಮನೆಗೆ ವಿಜ್ಞಾನ ಬಂದದ್ದೇ ಟ್ಯೂಬ್‌ಲೈಟ್ ಒಡೆದುಕೊಂಡು. ಖಾಲಿ ಮಾತ್ರೆ ಡಬ್ಬಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಮೇಲೆ ನಿಂಬೆಹಣ್ಣು ಹಿಂಡಿ, ಮುಚ್ಚಳ ಗಟ್ಟಿಯಾಗಿ ಒತ್ತಿ, ತಲೆಕೆಳಗಾಗಿ ನಿಲ್ಲಿಸಿ ಓಡಬೇಕು. ನಾನು ಓಡಿದೆ. ಏಳು ವರ್ಷದ ಮಗಳು ಓಡಲಿಲ್ಲ, ಬಗ್ಗಿ ನೋಡುತ್ತಾ ನಿಂತಳು. ವಾಪಸ್ಸು ಹಾರಿ ಅವಳ ರಟ್ಟೆ ಹಿಡಿದು ಎಳೆದೆ. ಢಂ ಎಂದು ಡಬ್ಬಿ ಮೇಲಕ್ಕೆ ಸಿಡಿದು ಟ್ಯೂಬ್‌ಲೈಟಿಗೆ ಬಡಿಯಿತು. ಗಾಜು ಪುಡಿಪುಡಿಯಾಗಿ ಆಗತಾನೇ ಮಡಚಿಟ್ಟಿದ್ದ ಬಟ್ಟೆಗಳ ಮೇಲೆಲ್ಲ ಉದುರಿತು. ಅಡುಗೆಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು.

"ಇದೇನ್ರೀ ಇದು, ಮನೆನೋ ಪಟಾಕಿ ಅಂಗ್ಡಿನೋ?"

ನಾನು ಏನೋ ಸಬೂಬು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಳು ನನ್ನ ಅಂಗಿ ಜಗ್ಗಿದಳು.

"ಅಪ್ಪಾ, ಇನ್ನೊಂದ್ ಸಲ."

ಕಡೂರಿನಲ್ಲಿ ನನಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟು ಬಂದ ಪಂಪ್‌ಸೆಟ್ ಮೋಟಾರಿನ ಒಳಗಿನ ಕರಕಾದ ತಂತಿಯನ್ನು ಉಳಿ ಸುತ್ತಿಗೆಯಿಂದ ಕಡಿದು ಕಿತ್ತುಹಾಕಿ ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಸುತ್ತುವುದಕ್ಕಿಂತ ಕಡಿದು ಕೀಳುವುದೇ ನನಗೆ ಇಷ್ಟ, ಸುಳ್ಳು ಯಾಕೆ ಹೇಳಲಿ. ನಾನು ಸಿಟ್ಟಿನ ಮನುಷ್ಯ. ಮೋಟಾರ್ ಸುಟ್ಟಿದ್ದು ನೀನೇ ಎಂದ ಗಿರಾಕಿಯ ಕೊರಳಪಟ್ಟಿ ಹಿಡಿದು ರಸ್ತೆಯವರೆಗೆ ತಳ್ಳಿಕೊಂಡು ಹೋಗಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಹೆಂಡತಿಯನ್ನು ಮೊಣಕೈಯಿಂದ ತಿವಿದು ಬಸ್ಸಿಗೆ ನುಗ್ಗಿದವನ ಮೂಗಿನಲ್ಲಿ ರಕ್ತ ಬರಿಸಿದ್ದೇನೆ. ಹೊಡೆಯುವಾಗ ಒಂದು ಕ್ಷಣ ಮೈಯೆಲ್ಲ ಹಗುರಾಗುತ್ತದೆ. ಆಮೇಲೆ ಊಟ ಸೇರುವುದಿಲ್ಲ, ಹೆಂಡತಿ ಎರಡು ದಿನ ಮಾತಾಡುವುದಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು.

ನನ್ನ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ಅದು ನಮ್ಮಪ್ಪನ ಕೊಡುಗೆ. ಆಗ ನಾವು ತರೀಕೆರೆಯಲ್ಲಿದ್ದೆವು, ನನಗೆ ಒಂಬತ್ತು ವರ್ಷ. ಉಪ್ಪು ನೀರಿಗೆ ಕರೆಂಟು ಕೊಟ್ಟರೆ ಗುಳ್ಳೆ ಏಳುತ್ತದೆ ಎಂದು ಶಾಲೆಯಲ್ಲಿ ಬ್ಯಾಟರಿ ಇಟ್ಟು ತೋರಿಸಿದ್ದರು. ನಾನು ಮನೆಯಲ್ಲಿ ಬ್ಯಾಟರಿ ಇಲ್ಲವೆಂದು ಗೋಡೆಯ ಪ್ಲಗ್ಗಿಗೇ ಎರಡು ವೈರು ಚುಚ್ಚಿದೆ. ಲೋಟ ಸಿಡಿಯಿತು, ಫ್ಯೂಸು ಹಾರಿತು. ಅಪ್ಪ ಊಟದ ತಟ್ಟೆ ಬಿಟ್ಟು ಎದ್ದು ಬಂದು ಎಂಜಲು ಕೈಯಲ್ಲೇ ಬೀಸಿ ಹೊಡೆದರು. ಕಿವಿಯಿಂದ ಮೊದಲು ಬಿಸಿ ನೀರಿನಂಥದ್ದು ಇಳಿಯಿತು, ಆಮೇಲೆ ರಕ್ತ. ಮೂರು ದಿನ ಗುಯ್ ಎನ್ನುತ್ತಲೇ ಇತ್ತು. ಕಿವಿಯ ತಮಟೆ ಹರಿದಿದೆ ಎಂದು ಡಾಕ್ಟರು ಹೇಳಿದರು. ಅಪ್ಪ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬೀಡಿ ಸೇದಿದರು, ಒಳಗೆ ಬರಲಿಲ್ಲ.

ಮಗಳು ಹುಟ್ಟಿ ನರ್ಸು ಅವಳನ್ನು ನನ್ನ ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಅವಳ ಕಿವಿಗಳನ್ನು. ಎಷ್ಟು ಚಿಕ್ಕವು, ಇನ್ನೂ ಮಡಚಿಕೊಂಡಿದ್ದವು. ಈ ಕೈ ಊರಿಗೆಲ್ಲ ಬಿದ್ದರೂ ಇವಳ ಮೇಲೆ ಬೀಳಬಾರದು ಎಂದು ಅಲ್ಲೇ ಆಣೆ ಮಾಡಿಕೊಂಡೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೂ ಇಲ್ಲ, ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಗಳಿಗೂ ಹೇಳಿದ್ದೆ. ಅವಳು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳಂತೆ, ನಮ್ಮಪ್ಪ ಎಲ್ರಿಗೂ ಹೊಡೀತಾರೆ, ನಂಗೊಬ್ಳಿಗೇ ಹೊಡಿಯಲ್ಲ ಎಂದು. ಅದನ್ನು ಕೇಳಿ ಹೆಂಡತಿ ನಕ್ಕಳು. "ಅಷ್ಟೊಂದ್ ಸಾರ್ಬೇಡಿ. ಇನ್ನೂ ಎಷ್ಟ್ ವರ್ಷ ಸಾಕ್ಬೇಕೋ ಏನೋ" ಎಂದಳು.

ಟ್ಯೂಬ್‌ಲೈಟ್ ಒಡೆದ ಮೇಲೆ ಭಾನುವಾರಗಳೆಲ್ಲ ನಮ್ಮಿಬ್ಬರವೇ ಆದವು. ಖಾಲಿ ಎಣ್ಣೆ ಟಿನ್ನಿಗೆ ಒಂದು ಲೋಟ ನೀರು ಹಾಕಿ ಒಲೆಯ ಮೇಲೆ ಕುದಿಸಿ, ಹಬೆ ಬರುವಾಗ ಇಳಿಸಿ, ಮುಚ್ಚಳ ಬಿಗಿದು, ಮೇಲೆ ತಣ್ಣೀರು ಸುರಿಯುತ್ತಿದ್ದೆವು. ಯಾರೂ ಮುಟ್ಟದೆ ಟಿನ್ನು ಲಟಲಟ ಮುರಿದು ನೆಗ್ಗಿ ಕೂರುತ್ತಿತ್ತು. ಮಗಳು ಚಪ್ಪಾಳೆ ತಟ್ಟಿ "ಯಾರಪ್ಪಾ ಗುದ್ದಿದ್ದು?" ಎನ್ನುತ್ತಿದ್ದಳು. ಗಾಳಿ ಕಣವ್ವ, ಎನ್ನುತ್ತಿದ್ದೆ. ಒಂದು ಬ್ಯಾಟರಿ, ಒಂದು ಅಯಸ್ಕಾಂತ, ಅಂಗಡಿಯಿಂದ ತಂದ ಒಂದು ಮೊಳ ತಾಮ್ರದ ತಂತಿ ಇಟ್ಟುಕೊಂಡು ಗರಗರ ತಿರುಗುವ ಮೋಟಾರು ಮಾಡಿದೆವು. ಅದು ಅವಳಿಗೆ ಅಷ್ಟು ಹಿಡಿಸಲಿಲ್ಲ. ಸಿಡಿಯಬೇಕು, ಒಡೆಯಬೇಕು, ನೆಗ್ಗಬೇಕು, ಅದೇ ಅವಳಿಗೆ ಇಷ್ಟ. ನನಗೂ ಅದೇ ಇಷ್ಟ. ವಾರವಿಡೀ ಹಲ್ಲು ಕಚ್ಚಿಕೊಂಡು ಇದ್ದದ್ದು ಭಾನುವಾರ ಯಾರಿಗೂ ನೋವಾಗದ ಹಾಗೆ ಢಂ ಎಂದು ಹೊರಗೆ ಹೋಗುತ್ತಿತ್ತು. ಆ ಎರಡು ಮೂರು ತಿಂಗಳು ಅಂಗಡಿಯಲ್ಲಿ ನಾನು ಯಾರ ಕೊರಳಪಟ್ಟಿಯನ್ನೂ ಹಿಡಿಯಲಿಲ್ಲ.

ಅವಳಿಗೆ ಒಂದು ನೋಟ್‌ಬುಕ್ ಕೊಟ್ಟು ಮೂರು ಕಟ್ಟುಪಾಡು ಮಾಡಿದ್ದೆ. ಮಾಡುವ ಮುಂಚೆ ಏನಾಗಬಹುದು ಎಂದು 'ಅಂದಾಜು' ಬರೆಯಬೇಕು. ಮಾಡಿದ ಮೇಲೆ 'ಆದದ್ದು' ಬರೆಯಬೇಕು, ಅಂದಾಜು ತಪ್ಪಾಗಿದ್ದರೂ ರಬ್ಬರ್ ಮುಟ್ಟಬಾರದು. ಇನ್ನೊಂದು, ಒಂದು ಸಲ ಆದದ್ದನ್ನು ನಂಬಬಾರದು, ಮೂರು ಸಲ ಮಾಡಿ ನೋಡಬೇಕು. ಪೆನ್ಸಿಲ್ಲನ್ನು ನಾಲಿಗೆಗೆ ಒತ್ತಿಕೊಂಡು ಅವಳು ಪ್ರತಿ ಪುಟದಲ್ಲೂ ಒಂದು, ಎರಡು, ಮೂರು ಎಂದು ಸಾಲು ಹಾಕುತ್ತಿದ್ದಳು. ಟಿನ್ನಿನ ಪುಟದಲ್ಲಿ ಮೂರಕ್ಕೆ ಮೂರೂ 'ನೆಗ್ಗಿತು' ಎಂದಿದೆ. ಮೂರನೆಯ ಟಿನ್ನಿನಲ್ಲಿ ಅರ್ಧ ಎಣ್ಣೆ ಇತ್ತು, ಅದನ್ನು ಬಾಣಲೆಗೆ ಬಗ್ಗಿಸಿ ಟಿನ್ನು ಖಾಲಿ ಮಾಡಿದ್ದಕ್ಕೆ ಹೆಂಡತಿಯಿಂದ ನನಗೆ ಬಿದ್ದ ಬೈಗುಳ ಅದರಲ್ಲಿ ಇಲ್ಲ.

ಅಜ್ಜಂಪುರದಲ್ಲಿ ನಾದಿನಿಯ ಸೀಮಂತ ಇದ್ದ ಭಾನುವಾರದ ಮಾತು. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕಿತ್ತು. ನಾನು ಎಲೆ ಅಡಿಕೆ ಹಾಕುವವನು, ಸುಣ್ಣದ ಡಬ್ಬಿ ಮನೆಯಲ್ಲಿ ಯಾವಾಗಲೂ ಇರುತ್ತದೆ. ಹಿಂದಿನ ದಿನವೇ ಸುಣ್ಣವನ್ನು ಚೊಂಬಿನಲ್ಲಿ ಕದಡಿ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬೇರೆ ಚೊಂಬಿಗೆ ಬಗ್ಗಿಸಿದ್ದೆವು. ಸ್ಟ್ರಾ ಹಾಕಿ ಊದಿದರೆ ಆ ತಿಳಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದನ್ನು ಒಂದು ಲೋಟದಲ್ಲಿ ಮೂರು ಸಲ ಮಾಡಿದ್ದಾಯಿತು. ಇನ್ನೊಂದು ಪ್ರಯೋಗವೆಂದರೆ ಅರಿಶಿನ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಸುಣ್ಣದ ತಿಳಿಯಲ್ಲಿ ಬೆರಳು ಅದ್ದಿ ಬರೆದರೆ ಅಕ್ಷರ ಕೆಂಪಾಗಿ ಏಳುತ್ತದೆ. ಆರತಿ ತಟ್ಟೆಯ ಕೆಂಪು ನೀರು ಆಗುವುದೂ ಹಾಗೆಯೇ, ಅರಿಶಿನಕ್ಕೆ ಸುಣ್ಣ ಬಿದ್ದು. ಸೋಪು ಹಾಕಿದರೂ ಕೆಂಪೇ. ನಿಂಬೆರಸ ಹಚ್ಚಿದರೆ ಮತ್ತೆ ಹಳದಿ. ಇಷ್ಟನ್ನೂ ಹೇಳಿಕೊಟ್ಟು ಅವಳನ್ನು ಜಗುಲಿಯಲ್ಲಿ ಕೂರಿಸಿ ನಾನು ಒಳಗೆ ನನ್ನ ಕೆಲಸಕ್ಕೆ ಕೂತೆ.

ಕೆಲಸವೆಂದರೆ ಲಿಂಗದಹಳ್ಳಿಯ ತೋಟದವರೊಬ್ಬರ ಪಂಪು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆ. ಬೆಳಿಗ್ಗೆಯಿಂದ ಅವರದು ನಾಲ್ಕು ಫೋನು. "ಭಾನ್ವಾರ ಅಂತ ಕೂತ್ಕಂಡ್ರೆ ನಮ್ ಗಿಡಕ್ಕೆ ನೀರ್ ಯಾರ್ ಬಿಡ್ತಾರೆ ಕಣಯ್ಯ" ಎಂದು ನಾಲ್ಕನೇ ಸಲಕ್ಕೆ ದನಿ ಏರಿಸಿದ್ದರು. ನಾನೂ ಏರಿಸಿದ್ದೆ. ಪೆಟ್ಟಿಗೆ ಬಿಚ್ಚಿ, ಸುಟ್ಟಿದ್ದನ್ನು ಬದಲಾಯಿಸಿ, ಸರಿಯಾಯಿತೇ ಎಂದು ನೋಡಲು ಪ್ಲಗ್ಗು ಹಾಕಿ ಕರೆಂಟು ಕೊಟ್ಟಿದ್ದೆ. ಮನೆಯಲ್ಲಿ ಮಗು ಓಡಾಡುವಾಗ, ನೆಲದ ಮೇಲೆ, ಮುಚ್ಚಳವಿಲ್ಲದ ಪೆಟ್ಟಿಗೆಗೆ ಕರೆಂಟು ಕೊಡಬಾರದು ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು.

ಹಾಳೆಯ ಮೇಲೆ ಬರೆದು ಸಾಕಾಗಿ ಮಗಳು ಕೆನ್ನೆಗೆ ಅರಿಶಿನ ಬಳಿದುಕೊಂಡಿದ್ದಳು. ಚರ್ಮದ ಮೇಲೂ ಅಕ್ಷರ ಏಳುತ್ತದಾ ನೋಡಬೇಕು ಎಂದು ಅವಳ ಆಸೆ. "ಅಪ್ಪಾ, ನನ್ ಕೆನ್ನೆ ಮೇಲೆ ಬರೀ" ಎನ್ನುತ್ತಾ ಚೊಂಬು ಹಿಡಿದು ಓಡಿ ಬಂದವಳು ವೈರಿಗೆ ಕಾಲು ಸಿಕ್ಕಿ ಮುಗ್ಗರಿಸಿದಳು. ಅಷ್ಟೂ ಸುಣ್ಣದ ತಿಳಿ ಪೆಟ್ಟಿಗೆಯ ಒಳಗೆ. ಫಡ್ ಎಂದು ನೀಲಿ ಕಿಡಿ ನನ್ನ ಮುಖದವರೆಗೆ ಹಾರಿತು. ಸುಟ್ಟ ವಾಸನೆ ಬಂತು, ಇಡೀ ಮನೆಯ ಫ್ಯಾನು ನಿಂತವು. ನಾನು ಪ್ಲಗ್ಗು ಕಿತ್ತೆ. ಪೆಟ್ಟಿಗೆ ಎತ್ತಿ ನೀರು ಬಗ್ಗಿಸಿದೆ, ನೆಲದ ನೀರನ್ನು ಅಂಗೈಯಲ್ಲಿ ಆಚೆಗೆ ತಳ್ಳಿದೆ. ಆಮೇಲೆ ತಿರುಗಿ ಅದೇ ಕೈಯಲ್ಲಿ ಹೊಡೆದೆ.

ಮಗು ಸಾಯುತ್ತಿತ್ತಲ್ಲ, ಆ ಹೆದರಿಕೆಗೆ ಹೊಡೆದೆ ಎಂದು ಆಮೇಲೆ ಸುಮಾರು ಜನಕ್ಕೆ ಹೇಳಿದ್ದೇನೆ. ಸುಳ್ಳು ಅದು. ಪ್ಲಗ್ಗು ಕಿತ್ತಾಗಲೇ ಹೆದರಿಕೆ ಮುಗಿದಿತ್ತು. ನೀರು ಬಗ್ಗಿಸುವಷ್ಟು, ನೆಲ ಬಳಿಯುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಹೊಡೆಯುವಾಗ ನನ್ನೊಳಗೆ ಇದ್ದದ್ದು ನಾಲ್ಕು ಫೋನು, ಹಾಳಾದ ಕೆಲಸ, ಮತ್ತು ಮೈ ಹಗುರಾಗುವ ಆ ದರಿದ್ರ ಸುಖ.

ಅವಳು ಮಂಚದ ಕಾಲಿಗೆ ಬಡಿದು ಬಿದ್ದಳು. ಅಳಲಿಲ್ಲ. ಕುಂಡೆಯ ಮೇಲೆ ಕೂತು ನನ್ನನ್ನೇ ನೋಡಿದಳು. ನಾನು ನೋಡುತ್ತಿದ್ದ ಹಾಗೆಯೇ ಅವಳ ಹಳದಿ ಕೆನ್ನೆಯ ಮೇಲೆ ಒಂದೊಂದಾಗಿ ನನ್ನ ಬೆರಳು ಎದ್ದವು. ಮೊದಲು ಮಾಸಲು ಬಣ್ಣ, ಆಮೇಲೆ ಕೆಂಪು, ಆಮೇಲೆ ಗಾಢ ಕೆಂಪು. ಕಿರುಬೆರಳು ದವಡೆಯ ಹತ್ತಿರ, ತೋರುಬೆರಳು ಕಿವಿಯ ತುದಿಯಲ್ಲಿ. ಅಂಗೈಯ ಗೆರೆ ಕೂಡ ಮೂಡಿತ್ತು. ಎಡಗೆನ್ನೆ. ಎಡಗಿವಿ.

ಓಡಿ ಬಂದ ಹೆಂಡತಿಗೆ ಅದು ರಕ್ತವಾಗಿ ಕಾಣಿಸಿತು. ನನ್ನನ್ನು ಎರಡೂ ಕೈಯಿಂದ ಎದೆಗೆ ಗುದ್ದಿ ತಳ್ಳಿ, ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಓಡಿದಳು. ಸುಣ್ಣ ಎಂದು ಗೊತ್ತಾದ ಮೇಲೆ ಕಣ್ಣಿಗೆ ಬಿತ್ತಾ, ಕಣ್ ಬಿಡು, ಕಣ್ ಬಿಡು ಎನ್ನುತ್ತಾ ಚೊಂಬುಗಟ್ಟಲೆ ನೀರು ಸುರಿದಳು. ಕಣ್ಣಿಗೆ ಬಿದ್ದಿರಲಿಲ್ಲ. ಕೆನ್ನೆಯ ಕೆಂಪು ಮಾತ್ರ ಹೋಗಲಿಲ್ಲ. ಸೋಪು ತೆಗೆದುಕೊಂಡು ಉಜ್ಜಿದಳು. ಉಜ್ಜಿದಷ್ಟೂ ಕೆಂಪು ಹರಡಿ ಅರ್ಧ ಮುಖವೇ ರಕ್ತದ ಬಣ್ಣವಾಯಿತು. ಅವಳು ಅಳುತ್ತಾ ಇನ್ನೂ ಜೋರಾಗಿ ಉಜ್ಜಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ಕಾರಣ ಗೊತ್ತಿತ್ತು. ಹೇಳಿದವಳು ಮಗಳು.

"ಸೋಪ್ ಹಾಕ್ಬೇಡಮ್ಮ, ಇನ್ನೂ ಕೆಂಪಾಗುತ್ತೆ. ನಿಂಬೆಹಣ್ ತಗಂಬಾ."

ನಿಂಬೆಹಣ್ಣು ತಂದೆ. ಹೋಳನ್ನು ನನ್ನ ಕೈಯಿಂದ ಹೆಂಡತಿ ಕಿತ್ತುಕೊಂಡಳು, ಹಚ್ಚಲು ಬಿಡಲಿಲ್ಲ. ಹಚ್ಚಿದ ಕಡೆಯೆಲ್ಲ ಕೆಂಪು ಇಳಿದು ಹಳದಿಯಾಯಿತು. ನಿಂಬೆಹಣ್ಣಿಗೆ ಹೋಗುವ ಕೆಂಪೆಲ್ಲ ಹೋದ ಮೇಲೆ, ಹೋಗದ ಕೆಂಪು ಅದರ ಕೆಳಗೆ ಹಾಗೇ ಇತ್ತು. ನಾಲ್ಕು ಬೆರಳು ಬಾಸುಂಡೆ ಎದ್ದು ಊದಿಕೊಂಡಿದ್ದವು.

ಹೆಂಡತಿ ಕಿರುಚಾಡಲಿಲ್ಲ. ಮಗುವಿನ ಮುಖ ಒರೆಸುತ್ತಾ ಮೆಲ್ಲಗೆ ಹೇಳಿದಳು.

"ನಿಮ್ಮಪ್ಪನ ಕೈ ಕಣ್ರೀ ಅದು. ಎಲ್ಲಿಗೂ ಹೋಗಿಲ್ಲ ನೋಡಿ."

ಅಜ್ಜಂಪುರದ ಬಸ್ಸಿನಲ್ಲಿ ಹೆಂಡತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ. ಬೀರೂರು ದಾಟುವವರೆಗೂ ನನ್ನ ತಲೆಯಲ್ಲಿ ಒಂದೇ ವಿಚಾರ ಇತ್ತು, ಕಿವಿ. ಮಗಳ ಬಲಗಿವಿ ಅಮ್ಮನ ಎದೆಗೆ ಒತ್ತಿ ಮುಚ್ಚಿತ್ತು, ಎಡಗಿವಿಯೊಂದೇ ತೆರೆದಿತ್ತು. ಬಸ್ಸು ಸ್ಟಾಪಿನಲ್ಲಿ ನಿಂತು ಇಂಜಿನ್ ಆರಿದಾಗ ಮುಂದಕ್ಕೆ ಬಾಗಿ ಉಸಿರಿಗಿಂತ ಸಣ್ಣಗೆ "ಚಿನ್ನಾ" ಎಂದೆ. ಅವಳು ಅಲುಗಲಿಲ್ಲ. ಇನ್ನೊಂದು ಸಲ ಕರೆದೆ.

"ಕೇಳುಸ್ತು" ಎಂದಳು, ತಿರುಗದೆ. "ಮೊದ್ಲೂ ಕೇಳುಸ್ತು."

ನಾನು ಕಿಟಕಿಯ ಕಡೆ ತಿರುಗಿ ಅತ್ತೆ. ಪಕ್ಕದ ಸೀಟಿನವರು ತಮ್ಮ ಚೀಲವನ್ನು ಆಚೆಗೆ ಸರಿಸಿಕೊಂಡರು.

ಸೀಮಂತದ ಮನೆಯಲ್ಲಿ ಹಸೆಯ ಮುಂದೆ ಆರತಿ ತಟ್ಟೆ ಸಿದ್ಧವಾಗಿತ್ತು. ಅರಿಶಿನ ಸುಣ್ಣದ ಕೆಂಪು ನೀರು ತುಂಬಿದ ತಟ್ಟೆ ಹಿಡಿದಿದ್ದ ನಮ್ಮತ್ತೆ ಮೊಮ್ಮಗಳ ಮುಖ ನೋಡಿ ಅಲ್ಲೇ ನಿಂತರು. "ಇದೇನೇ ಕೂಸೆ, ಕೆನ್ನೆಗೇನಾಯ್ತೇ?" ಎಂದರು. ಹೆಂಡತಿ ಬಿದ್ಲು ಎಂದು ಹೇಳಲು ಹೊರಟಿದ್ದಳು. ಮಗಳು ತಟ್ಟೆಯಲ್ಲಿ ಬೆರಳು ಅದ್ದಿ, ಎತ್ತಿ ತೋರಿಸಿದಳು. ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿಯೇ ಹೇಳಿದಳು.

"ಅರಿಶಿನಕ್ಕೆ ಸುಣ್ಣ ತಾಗಿದ್ರೆ ಹಿಂಗೆ ಕೆಂಪಾಗುತ್ತೆ ಅಜ್ಜಿ. ನನ್ ಕೆನ್ನೆಲಿ ಅರಿಶಿನ ಇತ್ತು. ಅಪ್ಪನ್ ಕೈಲಿ ಸುಣ್ಣ ಇತ್ತು."

ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. ಹಸೆಯ ಮೇಲಿದ್ದ ನಾದಿನಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನು ನೋಡಿದಳು. ಯಾರೋ ದೊಡ್ಡವರು, "ಅಪ್ಪ ಅಂದ್ಮೇಲೆ ಒಂದೇಟು ಹಾಕ್ದೆ ಇರ್ತಾನಾ, ಬಿಡಿ" ಎಂದು ನಕ್ಕರು. ನನ್ನ ಪರವಾಗಿ ಮಾತಾಡಿದ ಆ ಮನುಷ್ಯನ ಬಾಯಿ ಮುರಿಯಬೇಕು ಅನಿಸಿತು. ಅತ್ತೆ ಬಯ್ಯಲಿಲ್ಲ. "ಊಟಕ್ಕೆ ಏಳಿ ಅಳಿಯಂದ್ರೆ" ಎಂದಷ್ಟೇ ಹೇಳಿದರು, ನನ್ನ ಮುಖ ನೋಡದೆ, ಕೈ ನೋಡುತ್ತಾ. ಎಲೆಯ ಮುಂದೆ ಕೂತು ಆ ಕೈಯನ್ನು ಅನ್ನಕ್ಕೆ ಇಡಲು ನನಗೆ ಆಗಲಿಲ್ಲ.

ಎರಡು ದಿನ ಬಿಟ್ಟು ನೋಟ್‌ಬುಕ್ ತೆಗೆದು ನೋಡಿದೆ. ಅರಿಶಿನದ ಪುಟದ ಆಚೆಗೆ ಹೊಸ ಪುಟ.

ಪ್ರಯೋಗ: ಚೊಂಬು ಚೆಲ್ಲಿದರೆ. ಅಂದಾಜು: ಅಪ್ಪ ಹೊಡೆಯಲ್ಲ. ಆದದ್ದು: ಒಂದು, ಹೊಡೆದರು.

ಕೆಳಗೆ ಎರಡು ಎಂದು ಬರೆದು ಖಾಲಿ ಬಿಟ್ಟಿದ್ದಳು. ಮೂರು ಎಂದು ಬರೆದು ಅದನ್ನೂ ಖಾಲಿ ಬಿಟ್ಟಿದ್ದಳು. ಪುಟ ಹರಿಯಲು ಕೈ ಹೋಯಿತು. ರಬ್ಬರ್ ಮುಟ್ಟಬಾರದು ಎಂದವನು ನಾನೇ. ಬಾಗಿಲ ಹತ್ತಿರ ನಿಂತಿದ್ದ ಅವಳನ್ನು ಕೇಳಿದೆ.

"ಈ ಎರಡ್ ಸಾಲು ಯಾಕವ್ವಾ ಬಿಟ್ಟಿದ್ದೀಯ?"

"ನೀನೇ ಹೇಳಿದ್ದಲ್ವಾ. ಒಂದೇ ಸಲಕ್ಕೆ ನಂಬಾರ್ದು ಅಂತ."

ಅದಾದ ಮೇಲೂ ಭಾನುವಾರಗಳು ಬಂದವು. ಅವಳು ಪ್ರಯೋಗ ಬಿಡಲಿಲ್ಲ, ನನ್ನ ಪಕ್ಕ ಕೂರುವುದನ್ನು ಬಿಟ್ಟಳು. ನನ್ನ ಕೈ ಎಷ್ಟು ದೂರ ಬರುತ್ತದೆ ಎಂದು ಅಳೆದಿಟ್ಟವಳಂತೆ ಅದಕ್ಕಿಂತ ಒಂದು ಗೇಣು ಆಚೆಗೆ ಕೂರುತ್ತಿದ್ದಳು. ಡಬ್ಬಿ ಢಂ ಎಂದರೆ ಮೊದಲು ನೋಡುತ್ತಿದ್ದದ್ದು ಡಬ್ಬಿಯನ್ನಲ್ಲ, ನನ್ನನ್ನು. ನಾನು ಎಲೆ ಅಡಿಕೆ ಬಿಟ್ಟೆ, ಸುಣ್ಣದ ಡಬ್ಬಿಯನ್ನು ಎಸೆದೆ. ಅದೊಂದು ಹುಚ್ಚು, ಸುಣ್ಣದ್ದೇನು ತಪ್ಪು.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ, ಶಾಲೆ ಬೇಗ ಬಿಟ್ಟಿತೆಂದು ಹೆಂಡತಿ ಅವಳನ್ನು ಅಂಗಡಿಯಲ್ಲಿ ಬಿಟ್ಟು ಸಂತೆಗೆ ಹೋದಳು. ಬೆಂಚಿನ ಮೇಲೆ ನಾನು ಎರಡು ದಿನ ಕೂತು ಸುತ್ತಿ ಮುಗಿಸಿದ್ದ ಮೋಟಾರಿನ ಸುರುಳಿ ಇತ್ತು. ಅದರ ಹಿಂದಿದ್ದ ಅಯಸ್ಕಾಂತ ಬೇಕಾಗಿ ಅವಳು ಸ್ಟೂಲು ಹತ್ತಿ ಕೈ ಚಾಚಿದಳು. ಎಲ್ಲಾ ಧಡಾರ್ ಎಂದು ಸಿಮೆಂಟ್ ನೆಲಕ್ಕೆ ಬಿತ್ತು. ತಂತಿ ನಜ್ಜುಗುಜ್ಜಾಗಿ, ಸುರುಳಿಯ ನಡುವೆ ಸೇರಿಸಿದ್ದ ಕಾಗದ ಹರಿದು, ಎರಡು ದಿನದ ಕೆಲಸ ಮಣ್ಣುಪಾಲಾಯಿತು. ನನ್ನ ಕೈಯಲ್ಲಿದ್ದ ಸುತ್ತಿಗೆ ಗೋಡೆಗೆ ಹೋಗಿ ಬಡಿದದ್ದು ನನಗೇ ಗೊತ್ತಾಗಲಿಲ್ಲ, ಗಾರೆ ಕಿತ್ತು ಬಿತ್ತು. ನಾಲ್ಕು ಹೆಜ್ಜೆಗೆ ಅವಳ ಮುಂದೆ ಇದ್ದೆ. ಕೈ ಎದ್ದಿತ್ತು.

ಅವಳು ಓಡಲಿಲ್ಲ. ಸ್ಟೂಲಿನಿಂದ ಇಳಿದು, ಕಣ್ಣು ಮುಚ್ಚಿಕೊಂಡು, ಮುಖ ಎತ್ತಿ, ಎಡಗೆನ್ನೆಯನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿ ನಿಂತಳು. ತುಟಿ ಅದುರುತ್ತಿತ್ತು. ಏನಾಗುತ್ತದೋ ಆಗಲಿ, ಗೊತ್ತಾಗಲಿ ಎಂದು ನಿಂತಿದ್ದಳು.

ಆ ಕೈ ಕೆಳಗೆ ಇಳಿಯಲೇಬೇಕಿತ್ತು, ಅದನ್ನು ನಿಲ್ಲಿಸುವ ಶಕ್ತಿ ನನಗಿರಲಿಲ್ಲ. ತಿರುಗಿ ಬೆಂಚಿಗೆ ಹೊಡೆದೆ. ಮುಷ್ಟಿ ಕಟ್ಟಿ ಹೊಡೆದೆ, ಎರಡು, ನಾಲ್ಕು, ಎಷ್ಟೋ ಸಲ. ಗೆಣ್ಣಿನ ಚರ್ಮ ಸುಲಿದು ಹಲಗೆಗೆ ರಕ್ತ ಅಂಟಿತು. ಕಿರುಬೆರಳಲ್ಲಿ ಏನೋ ಲಟ್ ಎಂದಿತು. ಸಾಕಾಗಿ ನೆಲಕ್ಕೆ ಕೂತು ನೋಡಿದರೆ ಅವಳು ಕಣ್ಣು ತೆರೆದಿದ್ದಳು. ಕೆನ್ನೆಯನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಹತ್ತಿರ ಬಂದು, ಒಂದು ಗೇಣು ಆಚೆಗೆ ನಿಂತು, ನನ್ನ ಕೈಯನ್ನು ಬಗ್ಗಿ ನೋಡಿದಳು.

"ಇದು ರಕ್ತಾನೇ" ಎಂದಳು. "ನಿಂಬೆಹಣ್ಣಿಗೆ ಹೋಗಲ್ಲ."

"ಹೋಗಲ್ಲ ಕಣವ್ವ."

ಸಂತೆಯಿಂದ ಬಂದ ಅಮ್ಮನ ಜೊತೆ ಮನೆಗೆ ಹೋದವಳೇ ನೋಟ್‌ಬುಕ್ ತೆಗೆದಳು. ಕಿರುಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ನಾನು ಬರುವಷ್ಟರಲ್ಲಿ ಎರಡನೆಯ ಸಾಲು ತುಂಬಿತ್ತು: ಹೊಡೆಯಲಿಲ್ಲ. ಬೆಂಚಿಗೆ ಹೊಡೆದರು.

ನಾನು ಅದನ್ನು ಓದಿ ಓದಿ ನೋಡಿದೆ. ಅವಳು ಪೆನ್ಸಿಲ್ ಕೆಳಗಿಟ್ಟು, ಎಷ್ಟೋ ತಿಂಗಳ ಮೇಲೆ ನನ್ನ ಮೊಣಕಾಲಿಗೆ ಒರಗಿ ಕೂತಳು. ಬೆರಳನ್ನು ಮೂರನೆಯ ಸಾಲಿನ ಮೇಲೆ ಇಟ್ಟಳು.

"ಅಪ್ಪಾ, ಇನ್ನೊಂದ್ ಸಲ ಬಾಕಿ ಐತೆ."